ಗೊರಕಿಗೆ ಸಾಕ್ಷಿ ಯಾರು?

ಗೊರಕಿ ಮ್ಯಾಲೂ ಸಂಶೋಧನಾ ಮಾಡತಾರ ಅನ್ನೂದು ನನಗ ಬೈಲಹೊಂಗಲದ ದವಾಖಾನ್ಯಾಗನ ಗೊತ್ತಾತು. ಕಿವಿ ತೋರಿಸಾಕ ಹೋದಾಕಿ, ಕುತೂಹಲ ತಡೀದ ಮುಂದ ಸರದು ಕುಂತೆ.

ನಮ್ಮ ದೊಡವಾಡದ ಬಸಪ್ಪ ಹೆಂಡತಿ ಗಂಗವ್ವನ ಜೋಡಿ ಬಂದಿದ್ದ. ಗೊರಕಿ ಹೊಡದು ಹೊಡದು ರಾತ್ರಿ ಸರಿ ನಿದ್ದಿ ಇಲ್ಲದ, ಹಗಲು ಟ್ರ್ಯಾಕ್ಟರ್ ಮ್ಯಾಲ ತೂಕಡಿಸಿ ಒಮ್ಮೆ ಹಳ್ಳಕ್ಕ ಬಿದ್ದಿದ್ದ ಪುಣ್ಯಾತ್ಮ.

"ನಿದ್ದ್ಯಾಗ ಇವರ ಉಸಿರು ನಿಲ್ಲತೈತೇನ್ರಿ? ಕಣ್ಣಾರೆ ನೋಡಿದವರು ಹೇಳಬೇಕು. ಇಲ್ಲಂದ್ರ ಸಂಶೋಧನಾಕ್ಕ ತಗೊಳ್ಳಾಕ ಬರೂದಿಲ್ಲ," ಅಂದರು ಡಾಕ್ಟರು.

"ನಾ ನೋಡಿಲ್ರಿ," ಅಂದಳು ಗಂಗವ್ವ.

ನನ್ನ ಬಾಜೂಕ ಸಂಪಗಾಂವದ ಒಬ್ಬ ಹೆಣ್ಣಮಗಳು ಕುಂತಿದ್ದಳು. ತಾನೂ ಕಿವಿ ತೋರಿಸಾಕ ಬಂದೇನಿ ಅಂತ ಹೇಳಿದ್ದಳು. ಆಕಿ ದಡಕ್ಕನ ಎದ್ದಳು.

"ನಿಲ್ಲತೈತ್ರಿ ಸಾಹೇಬ್ರ! ಹತ್ತು ಎಣಿಸೂತನಕ ನಿಲ್ಲತೈತಿ. ನಾನ ಅಳ್ಳಾಡಿಸಿ ಎಬ್ಬಸ್ತೇನಿ!"

ಬಸಪ್ಪ ತಲಿ ಎತ್ತಿ ಮ್ಯಾಲಿನ ಛತ್ತು ನೋಡಾಕ ಹತ್ತಿದ. ಡಾಕ್ಟರು ಹಾಳಿಯಿಂದ ತಲಿ ಎತ್ತದ ಕೇಳಿದರು: "ಚಲೋ ಆತು. ಸಂಬಂಧ ಏನಂತ ಬರೀಲಿ?"

ಆಕಿ ಸೆರಗು ಸರಿಮಾಡಿಕೊಂತ ಕೆಳಗ ಕುಂತಳು. ಗಂಗವ್ವ ಬಾಯಿ ತೆಗದಳು. "ಹೊಲ ಅಂತ ಬರಕೋರಿ. ದಿನಾ ರಾತ್ರಿ ಹೊಲಾ ಕಾಯಾಕ ಹೊಂಟೇನಿ ಅಂತನ ಹೇಳತಿದ್ದ ನನಗ."

ಸಂಶೋಧನಾದಾಗ ಬಸಪ್ಪನ ಹೆಸರು ಸೇರಿತು, ಗೊರಕಿ ಆಪರೇಶನ್ನೂ ಆತು. ಈಗ ಮನ್ಯಾಗ ಮಲಗತಾನ, ನಿದ್ದಿ ಗಡದ್ದಾಗಿ ಬರತೈತಂತ. ಈಗ ರಾತ್ರಿಯೆಲ್ಲಾ ಕಣ್ಣು ಮುಚ್ಚದ 'ಹೊಲಾ' ಕಾಯಾಕಿ ಗಂಗವ್ವ.