ಬೇಡ ಅಂದದ್ದು ಯಾವುದನ್ನು

ಆ ದಿನದ ಡೈರಿಯಲ್ಲಿ ಒಂದೇ ಸಾಲು ಇದೆ: ‘ಬೇಡ ಅಂದಳು.’ ಕರೆ ಮುಗಿದ ಕೂಡಲೇ ಟಿಪ್ಪಣಿಯ ಹಾಳೆ ಹರಿದು ಹಾಕಬೇಕೆಂಬುದು ನಮ್ಮ ಕೆಲಸದ ನಿಯಮ. ಹರಿದಿದ್ದೆ. ಮುಂದಿನದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ, ಅದನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ನಾನು ನಿಟ್ಟೆಯಲ್ಲಿ ಪಾಠ ಮಾಡುತ್ತೇನೆ. ಬಿಡುವಿನಲ್ಲಿ ಕಾರ್ಕಳದ ಮನೆಯ ಮಾಳಿಗೆಯಲ್ಲಿ ಕುಳಿತು ಫೋನಿನಲ್ಲಿ ದುಭಾಷಿಯ ಕೆಲಸ. ಹೊರದೇಶದ ಡಾಕ್ಟರ ಬಳಿ ಇಂಗ್ಲಿಷ್ ಬಾರದ ಕನ್ನಡದವರು ಹೋದರೆ ಒಂದು ಏಜೆನ್ಸಿ ನನಗೆ ಕರೆ ಜೋಡಿಸುತ್ತದೆ. ಡಾಕ್ಟರು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು. ಸ್ವಂತದ್ದೆಂದು ಒಂದು ಮಾತೂ ಸೇರಿಸುವಂತಿಲ್ಲ.

ಐರ್ಲೆಂಡಿನಲ್ಲಿ ಜನ ಮತ ಹಾಕಿ ಗರ್ಭಪಾತಕ್ಕೆ ಕಾನೂನಿನ ದಾರಿ ತೆರೆದದ್ದನ್ನು ಪತ್ರಿಕೆಯಲ್ಲಿ ಓದಿ ಮರೆತಿದ್ದೆ. ಕೆಲವು ತಿಂಗಳ ಮೇಲೆ ಏಜೆನ್ಸಿಯ ಮೇಲ್ ಬಂತು. ಹೊಸ ವರ್ಷದಿಂದ ಅಲ್ಲಿ ಈ ಸೇವೆ ಶುರುವಾಗುತ್ತದೆ, ಅಂಥ ಕರೆಗಳಿಗೆ ನೀವು ಸಿದ್ಧರೇ, ಹೌದು ಅಥವಾ ಇಲ್ಲ ಎಂದು ಗುರುತಿಸಿ. ನಾನು ಹೌದು ಒತ್ತಿದೆ. ಯೋಚಿಸಿಯೇ ಒತ್ತಿದೆನೆಂದು ಈಗ ಅನಿಸುತ್ತದೆ. ಆದರೆ ಆಗ ಒಲೆಯ ಮೇಲೆ ಹಾಲಿತ್ತು. ಪೂರ್ತಿ ಓದದೆ ಒತ್ತಿದ್ದೂ ಇರಬಹುದು.

ಮೊದಲ ಕರೆ ಬಂದದ್ದು ಒಂದು ಮಧ್ಯಾಹ್ನದ ಮೇಲೆ. ಡಾಕ್ಟರು ಹೆಂಗಸು, ನಿಧಾನ ಮಾತು. ಎದುರು ಕುಳಿತವಳ ದನಿ ಎಳೆಯದು. ಎಂಟು ವಾರ ಅಂದಳು. “ತಲೆಸುತ್ತು ಉಂಟು,” ಅಂದಳು. ಆ ‘ಉಂಟು’ ಕೇಳಿದ್ದೇ ನನಗೆ ಊರು ಗೊತ್ತಾಯಿತು. ಮೊದಲ ಹೆರಿಗೆಯ ಬಗ್ಗೆ ಡಾಕ್ಟರು ಕೇಳಿದಾಗ, “ಮಗ ಕಾಪುವಿನಲ್ಲಿ ಅತ್ತೆಯ ಹತ್ತಿರ ಇದ್ದಾನೆ,” ಅಂದವಳು ಒಮ್ಮೆಲೇ ನಿಲ್ಲಿಸಿದಳು.

“ನೀವು ಉಡುಪಿ ಕಡೆಯವರಾ?”

ಇಂಥ ಪ್ರಶ್ನೆಗೆ ನಾವು ಉತ್ತರಿಸುವಂತಿಲ್ಲ. ದುಭಾಷಿಯ ಊರು ಕೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ಸಣ್ಣಗೆ ನಕ್ಕರು. ಅವಳು ನಗಲಿಲ್ಲ. ಆ ಕೋಣೆಯಲ್ಲಿ ಯಾರೋ ಕೆಮ್ಮಿದರು, ಗಂಡಸಿನ ಕೆಮ್ಮು.

ಡಾಕ್ಟರು ಅವಳ ತೀರ್ಮಾನ ಕೇಳಿದರು. ನಾನು ಕನ್ನಡದಲ್ಲಿ, “ಈ ಗರ್ಭದ ವಿಷಯದಲ್ಲಿ ಏನು ತೀರ್ಮಾನಿಸಿದ್ದೀರಿ? ಮುಂದುವರಿಸುವುದಾ?” ಅಂದೆ.

“ಬೇಡ,” ಅಂದಳು. ಸ್ವಲ್ಪ ಬಿಟ್ಟು, “ಬೇಡ.”

‘ನನಗೆ ಅದು ಬೇಡ’ ಎಂದು ನಾನು ಇಂಗ್ಲಿಷಿಗೆ ದಾಟಿಸಿದೆ. ಡಾಕ್ಟರು ಬರೆದುಕೊಳ್ಳುವ ಸದ್ದಾಯಿತು. ಕಾನೂನಿನಂತೆ ಮೂರು ದಿನ ಕಾಯಬೇಕು, ಆಮೇಲೆ ಬಂದರೆ ಮಾತ್ರೆ ಕೊಡುತ್ತೇನೆ ಅಂದರು. ಅದನ್ನೂ ದಾಟಿಸಿದೆ. ಹಾಳೆ ಹರಿದೆ.

ಕೆಳಗೆ ಅಮ್ಮ ಗೇಟಿನ ಹತ್ತಿರ ಸಿಟ್ಟಿನಲ್ಲಿ ನಿಂತಿದ್ದಳು. ಮೀನಿನವನ ಸ್ಕೂಟರು ತಿರುವು ದಾಟಿತ್ತು.

“ಬಂಗುಡೆ ಬೇಡ ಅಂದದ್ದು ನಾನು. ಅವನು ಗಾಡಿ ತಿರುಗಿಸಿ ಹೋಗಿಯೇ ಬಿಟ್ಟ ಮಾರಾಯ್ತಿ! ನನಗೆ ಬೂತಾಯಿ ಬೇಕಿತ್ತು.”

“ಹಾಗಂತ ಹೇಳಬೇಕಿತ್ತಲ್ವಾ ಅಮ್ಮ? ನೀನು ಬರೀ ಬೇಡ ಅಂದ್ರೆ ಅವನಿಗೆ ಎಂತ ಗೊತ್ತಾಗ್ತದೆ?”

“ಯಾವುದು ಬೇಡ ಅಂತ ಕೇಳ್ಲಿಕ್ಕೆ ಅವನಿಗೆ ಬಾಯಿಲ್ವಾ?”

ಮೆಟ್ಟಿಲ ಮೇಲೆ ಹಾಗೇ ನಿಂತೆ. ನನ್ನ ಪ್ರಶ್ನೆ ನೆನಪಾಯಿತು. ಮುಂದುವರಿಸುವುದಾ, ಅಂದಿದ್ದೆ. ಗರ್ಭವನ್ನೋ, ಈ ಚಿಕಿತ್ಸೆಯನ್ನೋ? ಅವಳಿಗೆ ಬೇಡವಾದದ್ದು ಮಗುವೋ, ಮಾತ್ರೆಯೋ? ನಮ್ಮ ಮಾತಿನಲ್ಲಿ ಬೇಡಕ್ಕೆ ಯಾರಿಗೆ, ಯಾವುದು ಎಂದು ಹೇಳುವ ಅಗತ್ಯವೇ ಇಲ್ಲ; ಮನೆಯಲ್ಲಿ ನಾವಾಡುವ ತುಳುವಿನ ‘ಬೊಡ್ಚಿ’ಯೂ ಹಾಗೆಯೇ. ಆ ಕೆಮ್ಮೂ ನೆನಪಾಯಿತು. ಬೇಡ ಅಂದದ್ದು ಅವಳಿಗಾಗಿಯೋ, ಪಕ್ಕದಲ್ಲಿದ್ದವನಿಗಾಗಿಯೋ?

ಮರುದಿನ ತರಗತಿಯಲ್ಲಿ ಏನು ಪಾಠ ಮಾಡಿದೆನೋ ತಿಳಿಯದು. ಏಜೆನ್ಸಿಗೆ ಹೇಳಿದರೆ ತಪ್ಪು ಒಪ್ಪಿಕೊಂಡಂತೆ. ತಪ್ಪೇ ಆಗಿರಲಿಕ್ಕಿಲ್ಲ ಎಂದೂ ವಾದಿಸಿಕೊಂಡೆ. ಅವಳ ದನಿಯನ್ನು ಮತ್ತೆ ಮತ್ತೆ ನೆನಪಿಸಿಕೊಂಡಷ್ಟೂ ಅದು ನನ್ನ ದನಿಯಂತೆ ಕೇಳತೊಡಗಿತು.

ಎರಡನೆಯ ದಿನ ಅಮ್ಮನ ಜೊತೆ ಕಾಪುವಿಗೆ ಒಂದು ಗೃಹಪ್ರವೇಶಕ್ಕೆ ಹೋಗಲೇಬೇಕಿತ್ತು. ಊಟದಲ್ಲಿ ಎದುರು ಕುಳಿತ ಹೆಂಗಸು ಪುಟ್ಟ ಹುಡುಗನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದರು.

“ಮೊಮ್ಮಗನಾ?” ಅಮ್ಮ ಕೇಳಿದಳು.

“ಹೌದು, ಇವನ ಅಪ್ಪ ಅಮ್ಮ ಫಾರಿನ್‌ನಲ್ಲಿ. ಸೊಸೆ ದಿನಾ ಫೋನ್ ಮಾಡ್ತಿದ್ದವಳು ಎರಡು ದಿನದಿಂದ ಇಲ್ಲ. ಎಂತ ಆಯ್ತೋ.”

ಯಾವ ದೇಶ ಎಂದು ಕೇಳಲು ನನ್ನ ಬಾಯಿ ತೆರೆದಿತ್ತು. ನೀರು ಕುಡಿದು ಮುಚ್ಚಿದೆ. ಕಾಪುವಿನಲ್ಲಿ ಅಂಥ ಅಜ್ಜಿಯರು ಬೇಕಾದಷ್ಟಿದ್ದಾರೆ, ಇವರು ಅವರೇ ಆಗಬೇಕೆಂದಿಲ್ಲ. ಆದರೆ ಒಂದು ಪ್ರಶ್ನೆ ಕೇಳಿದ್ದರೆ ಅವಳ ಗುಟ್ಟನ್ನು ಊರಿಗೆ ತಂದವಳು ನಾನೇ ಆಗುತ್ತಿದ್ದೆನೆಂದು ಆ ಎಲೆಯ ಮುಂದೆ ಗೊತ್ತಾಯಿತು. ಇದಕ್ಕೇ ಅಲ್ಲವೇ ಅವಳು ಹೆದರಿದ್ದು? ‘ಬೇಡ’ ಅಂದದ್ದು ನನ್ನನ್ನೇ ಇರಬಹುದು ಎಂದು ಮೊದಲ ಬಾರಿಗೆ ಹೊಳೆಯಿತು.

ಕೈ ತೊಳೆದು ಹೊರಗೆ ಬಂದವಳೇ ಏಜೆನ್ಸಿಗೆ ಬರೆದೆ: ಉತ್ತರ ಸ್ಪಷ್ಟವಿರಲಿಲ್ಲ, ನಾನು ಕೇಳದೆ ಸ್ಪಷ್ಟ ಮಾಡಿದೆ. ದಯವಿಟ್ಟು ಡಾಕ್ಟರಿಗೆ ತಿಳಿಸಿ, ಅವಳನ್ನು ಒಬ್ಬಳೇ ಇರುವಾಗ ಮತ್ತೆ ಕೇಳಲಿ, ಸಾಧ್ಯವಾದರೆ ಬೇರೆ ಕಡೆಯ ದುಭಾಷಿ ಇರಲಿ. ತಪ್ಪನ್ನು ದಾಖಲಿಸಲಾಗಿದೆ ಎಂದು ಉತ್ತರ ಬಂತು.

ಮೂರು ದಿನ ಕಳೆದ ಮೇಲೆ, ಹಲ್ಲಿನ ಡಾಕ್ಟರಿಗೆಂದು ಮಣಿಪಾಲಕ್ಕೆ ಹೋಗಿದ್ದಾಗ ಫೋನ್ ಬಂತು. ಬೇರೆ ಯಾರೂ ಸಿಕ್ಕಿರಲಿಲ್ಲವಂತೆ. ಕಾರಿನ ಗಾಜು ಏರಿಸಿ ಕುಳಿತೆ. ಅದೇ ಡಾಕ್ಟರು. ಜೊತೆಗೆ ಬಂದವರನ್ನು ಹೊರಗೆ ಕೂರಿಸಿದ್ದೇನೆ ಅಂದರು. ಈ ಸಲ ಅವರ ಪ್ರಶ್ನೆಗಳು ಎರಡಾದವು. ನಾನೂ ಬೇರೆ ಬೇರೆಯಾಗಿ ಕೇಳಿದೆ: ಗರ್ಭ ಉಳಿಸಿಕೊಳ್ಳುತ್ತೀರಾ? ಮಾತ್ರೆ ತೆಗೆದುಕೊಳ್ಳುತ್ತೀರಾ?

ಗಾಜಿನಾಚೆ ವಿದ್ಯಾರ್ಥಿಗಳು ಐಸ್‌ಕ್ರೀಂ ತಿನ್ನುತ್ತ ದಾಟುತ್ತಿದ್ದರು.

“ಉಳಿಸಿಕೊಳ್ಳುವುದಿಲ್ಲ. ಮಾತ್ರೆ ಬೇಕು. ನನಗೇ ಬೇಕು, ಗಂಡ ಹೇಳಿದ್ದಕ್ಕಲ್ಲ. ಅವರಿಗೆ ಬೇಕಾದದ್ದು ಮಗು.” ಮತ್ತೆ ದನಿ ತಗ್ಗಿಸಿ, “ಆ ದಿನ ಬೇಡ ಅಂದದ್ದು ನಿಮ್ಮನ್ನು. ಊರಿನವರು ಬೇಡ ಅಂತ. ಅತ್ತೆಗೆ ಗೊತ್ತಾದರೆ ಮಗನನ್ನು ನನಗೆ ಕೊಡ್ಲಿಕ್ಕಿಲ್ಲ.”

ಎಲ್ಲವನ್ನೂ, ನನ್ನ ಬಗ್ಗೆ ಅಂದದ್ದನ್ನೂ, ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರ ಉತ್ತರವನ್ನು ಕನ್ನಡಕ್ಕೆ ತಂದೆ: “ಇದನ್ನು ನಾನು ಯಾರಿಗೂ ಹೇಳುವುದಿಲ್ಲ.”

“ಇದು ಡಾಕ್ಟರು ಹೇಳುವುದಾ, ನೀವು ಹೇಳುವುದಾ?”

ನಿಯಮದಂತೆ ಆ ಪ್ರಶ್ನೆಯನ್ನೂ ದಾಟಿಸಬೇಕಿತ್ತು. ದಾಟಿಸಲಿಲ್ಲ. “ನಾನೂ,” ಅಂದೆ.

ಅವಳು ನಂಬಿದಳೋ ಇಲ್ಲವೋ. ಮಾತ್ರೆಯ ವಿವರಗಳನ್ನು ಒಂದೊಂದಾಗಿ ಕೇಳಿಸಿಕೊಂಡಳು, ಹೂಂಗುಟ್ಟಿದಳು.

ಆ ಮಾತು ಕೊಟ್ಟವಳೇ ಈಗ ಇದನ್ನು ಬರೆಯುತ್ತಿದ್ದೇನೆ. ವಾರಗಳನ್ನು ಬದಲಾಯಿಸಿದ್ದೇನೆ, ಮಗುವನ್ನು ಬದಲಾಯಿಸಿದ್ದೇನೆ, ಊರನ್ನೂ ಬದಲಾಯಿಸಿದ್ದೇನೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಓದಿ ನೋಡಿದರೆ ‘ಉಂಟು’ ಹಾಗೇ ಉಳಿದಿದೆ. ನಿನ್ನೆ ಉಡುಪಿಯ ಬಸ್ಸಿನಲ್ಲಿ ಹಿಂದಿನ ಸೀಟಿನ ಹೆಂಗಸೊಬ್ಬರು ಫೋನಿನಲ್ಲಿ ಸೊಸೆಯನ್ನು ಕೇಳುತ್ತಿದ್ದರು, “ನಿನಗೆ ಯಾರು ಹೇಳಿದ್ದು? ಯಾರು ಹೇಳಿದ್ದು ಹೇಳು.” ಕಾಪುವಿನಲ್ಲಿ ಕಂಡವರೋ ಬೇರೆಯವರೋ, ನಾನು ತಿರುಗಿ ನೋಡಲಿಲ್ಲ.