ಐದನೆಯ ಓಕ್ ಬೀಜ

ಹೆಪ್ಪು ಹಾಕಿಟ್ಟ ಹಾಲಿನ ಮುಚ್ಚಳವನ್ನು ಗಳಿಗೆಗೊಮ್ಮೆ ಎತ್ತಿ ನೋಡುವ ದುರಭ್ಯಾಸ ನನಗಿತ್ತು. ನಮ್ಮ ಮನೆಯ ಮೊಸರು ಗಟ್ಟಿಯಾಗದಿರಲು ಪುಣೆಯ ಹವೆಯೇ ಕಾರಣವೆಂದು ನಾನೂ, ನಾನೇ ಕಾರಣವೆಂದು ನನ್ನ ಹೆಂಡತಿ ಸುಶೀಲೆಯೂ ಮೊದಲಿನಿಂದ ವಾದಿಸುತ್ತ ಬಂದಿದ್ದೇವೆ. ಸಂಶಯ ನನ್ನ ಪಿತ್ರಾರ್ಜಿತ ಸಂಪತ್ತು, ಓದುಗ ಮಹಾಶಯರೇ. ಬೀಗ ಹಾಕಿದೆನೋ ಇಲ್ಲವೋ ಎಂದು ಸ್ವಾರಗೇಟ್ ಬಸ್ ನಿಲ್ದಾಣದಿಂದ ಮನೆಗೆ ಮರಳಿ, ಬೆಳಗಾವಿಯ ಬಸ್ಸು ತಪ್ಪಿಸಿಕೊಂಡವನು ನಾನು.

ಇಂಥವನ ಮನೆಗೆ ಹೋದ ಚಳಿಗಾಲ ಐದು ಓಕ್ ಬೀಜಗಳು ಬಂದವು. ಸೈನ್ಯದಿಂದ ನಿವೃತ್ತನಾದ ಸುಶೀಲೆಯ ತಮ್ಮ, ತಾನು ವರ್ಷಗಟ್ಟಲೆ ಕಾವಲಿದ್ದ ಹಿಮಾಲಯದ ಬೆಟ್ಟದಿಂದ ಆರಿಸಿ ತಂದು, "ಅಕ್ಕಾ, ಒಂದರ ಗಿಡಾ ಮಾಡು. ದೀಪಾವಳಿಗೆ ಬಂದು ನೋಡ್ತೀನಿ" ಎಂದು ಕೊಟ್ಟುಹೋದ. ತಂಪು ತಾಗದೆ ಅವು ಕಣ್ಣು ಬಿಡುವುದಿಲ್ಲವಂತೆ. ಮಡಿಕೆ ಕಾಳಿಗೆ ಮೊಳಕೆ ಕಟ್ಟುವ ಹಾಗೆಯೇ ಸುಶೀಲೆ ಅವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟಳು. ನಾನು ದಿನವೂ ಗಂಟು ಬಿಚ್ಚಿ ನೋಡಿದೆ. ಒಂದು ದಿನ ನೋಡಿದರೆ ನಾಲ್ಕೇ ಇದ್ದವು!

ಮೊದಲ ಸಂಶಯ ಅಂದಿನ ಮೊಳಕೆ ಕಾಳಿನ ಉಸಳಿಯ ಮೇಲೆ. ಪ್ರತಿ ಕಾಳನ್ನೂ ನ್ಯಾಯಾಧೀಶನ ಗಾಂಭೀರ್ಯದಿಂದ ಅಗಿದೆ. ಎರಡನೆಯದು, ಹಸಿಮೆಣಸಿನಕಾಯಿಗೆಂದು ಸಲುಗೆಯಿಂದ ನಮ್ಮ ಫ್ರಿಜ್ಜಿಗೆ ಕೈಹಾಕುವ ನಾವು ಕಾಕು ಎನ್ನುವ ಪಕ್ಕದ ಮನೆಯ ಮರಾಠಿ ಹೆಂಗಸಿನ ಮೇಲೆ. ಅಂದಿನಿಂದ ಅವರ ನಮಸ್ಕಾರಕ್ಕೆ ಅರ್ಧ ನಮಸ್ಕಾರವನ್ನಷ್ಟೇ ಹಿಂದಿರುಗಿಸಿದೆ.

ಉಳಿದ ನಾಲ್ಕನ್ನು ಕುಂಡಗಳಲ್ಲಿ ಊರಿದೆವು. ಓಕ್ ಮೊದಲು ಸದ್ದಿಲ್ಲದೆ ಬೇರನ್ನು ಆಳಕ್ಕಿಳಿಸಿ, ಎಷ್ಟೋ ವಾರಗಳ ಮೇಲೆ ತಲೆ ಎತ್ತುವ ಜಾತಿಯೆಂದು ನನಗೆ ಆಮೇಲೆ ತಿಳಿಯಿತು. ಮೇಲೇನೂ ಕಾಣದ್ದರಿಂದ ನಾನು ಭಾನುವಾರಕ್ಕೊಮ್ಮೆ ಚಮಚದಿಂದ ಕೆದಕಿ, ಬದುಕಿದೆಯೇ ಎಂದು ಪರೀಕ್ಷಿಸುತ್ತಿದ್ದೆ. ಬದುಕಿತ್ತು, ನನ್ನ ಚಮಚಕ್ಕೆ ಬೇರು ಮುರಿದು ಸತ್ತಿತು. ಹೀಗೆ ನಾಲ್ಕೂ. ತಮ್ಮ ಫೋನು ಮಾಡಿ ಗಿಡದ ಸುದ್ದಿ ಕೇಳಿದಾಗ ಸುಶೀಲೆ, "ಬಂದದ, ನೀ ಬಾ" ಎಂದಳು. ನನಗಾಗಿ ಅವಳು ಸುಳ್ಳು ಹೇಳಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಸುಳ್ಳಲ್ಲವೆಂದು ಗೊತ್ತಾದದ್ದು, ಹೋದ ವಾರ ಕಾಕು ನಮ್ಮಿಬ್ಬರನ್ನೂ ತಮ್ಮ ಬಾಲ್ಕನಿಗೆ ಕರೆದಾಗ. ಹಳೆಯ ಎಣ್ಣೆಡಬ್ಬಿಯಲ್ಲಿ ಓಕ್ ಸಸಿ! ಕಳ್ಳಿ ಸಿಕ್ಕಳೆಂದು ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಸುಶೀಲೆ ಮೆತ್ತಗೆ, "ಅವ್ರಿಗೆ ನಾನಽ ಕೊಟ್ಟಿದ್ದೆರಿ. ನೀವು ಕೆದರಲಾರದ ಜಾಗಾ ನಮ್ಮ ಮನ್ಯಾಗ ಎಲ್ಲಿ ಅದ?" ಎಂದಳು.

ಕಾಕುವಿಗೆ ಬಾಕಿಯಿದ್ದ ಅರ್ಧ ನಮಸ್ಕಾರಗಳನ್ನೆಲ್ಲ ಒಟ್ಟಿಗೆ ಸಲ್ಲಿಸಿ ಬಗ್ಗಿ ನೋಡಿದರೆ, ಸಸಿಗೆ ಎರಡು ಚಿಗುರು! ಒಂದೇ ಬೀಜವೆಂದು ಕಾಕು ಆಣೆಯಿಟ್ಟರು. ಒಂದು ಬೀಜಕ್ಕೆ ಎರಡು ಹೇಗೆ? ನನ್ನ ತೋರುಬೆರಳು ತಾನಾಗಿಯೇ ಮಣ್ಣಿನತ್ತ ಹೊರಟಿತು. ಸುಶೀಲೆ ಉಸಿರು ಬಿಗಿಹಿಡಿದು ಬೆರಳನ್ನೇ ನೋಡಿದಳು. ಅವಳ ಆ ಹೆದರಿಕೆ ಕಂಡು ನನಗೆ ಕೆಟ್ಟದೆನಿಸಿತು. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ.

ಈಗ ಮೊಸರಿನ ಮುಚ್ಚಳ ಎತ್ತುವುದಿಲ್ಲ. ಪಾತ್ರೆಯನ್ನು ಹೊರಗಿನಿಂದ ಒಮ್ಮೆ ಮುಟ್ಟಿ ಬರುತ್ತೇನೆ, ಅಷ್ಟೆ. ಮೊಸರು ಗಟ್ಟಿಯಾಗುತ್ತಿದೆ, ಹವೆ ಬದಲಾಗಿರಬೇಕು.