ಬೀಳಿಸಲೆಂದೇ ಓಡಿಸಿದ ಕಾರು

ಆ ಕಾರು ತಾನಾಗಿ ಬಿದ್ದದ್ದಲ್ಲ, ಬೀಳಿಸಿದ್ದು. ಟಿವಿಯಲ್ಲಿ ನೋಡಿ ನಕ್ಕವರೆಲ್ಲ ಸುಳ್ಳಿಗೆ ನಕ್ಕರು. ನನ್ನ ಮಗನ ಬಲಗೈಯ ನಾಲ್ಕು ಬೆರಳು ಹೋದದ್ದೊಂದೇ ಅದರಲ್ಲಿ ನಿಜ, ಅದನ್ನು ಅವರು ತೋರಿಸಲಿಲ್ಲ.

ಮಗ ಇಲ್ಲಿ ಸೌದಿಯ ಅಲ್ ಅಹ್ಸಾದಲ್ಲಿ ಒಂದು ಖರ್ಜೂರದ ಅಂಗಡಿಯ ವ್ಯಾನ್ ಓಡಿಸುತ್ತಿದ್ದ. ಅದಕ್ಕೆ ಮೊದಲು ಮಂಗಳೂರಿನಲ್ಲಿ ಬಹಳ ವರ್ಷ ಆಟೋ ಓಡಿಸಿದವನು. ಅವನಿಗೆ ವೀಸಾ ಕೊಟ್ಟ ಅಂಗಡಿ ಯಜಮಾನನನ್ನು ಇಲ್ಲಿ ಕಫೀಲ್ ಎನ್ನುತ್ತಾರೆ. ಕಫೀಲನ ತೋಟದಲ್ಲಿ ಹಳೆಯದೊಂದು ಇಂಗ್ಲಿಷ್ ಕಾರಿತ್ತು. ಮುಂದೆ ಒಂದೇ ಚಕ್ರ, ಹಿಂದೆ ಎರಡು, ಮೂತಿ ಇಲಿಯದ್ದು. ಪರದೇಶದ ಟಿವಿಯಲ್ಲಿ ಅಂಥ ಕಾರು ತಿರುವು ಸಿಕ್ಕಲ್ಲೆಲ್ಲ ಅಡ್ಡ ಬೀಳುವುದನ್ನು ಮೊಮ್ಮಗಳು ಫೋನಿನಲ್ಲಿ ತೋರಿಸಿದ್ದಳು. ರಂಜಾನ್ ತಿಂಗಳ ತಮಾಷೆ ಕಾರ್ಯಕ್ರಮಕ್ಕೆ ಇಲ್ಲಿಯ ಟಿವಿಯವರಿಗೂ ಅದೇ ಬೇಕಾಯಿತು. ಕಫೀಲ್ ಕಾರು ಕೊಟ್ಟ. ಓಡಿಸಲು ನನ್ನ ಮಗನನ್ನೂ ಕೊಟ್ಟ.

ನಾನು ಬೇಡ ಎಂದೆ. ಅವನು ನಕ್ಕ.

"ಮೂರು ಚಕ್ರ ನನಗೆ ಎಂತ ಹೊಸತಾ ಉಮ್ಮ? ಅದರಲ್ಲೇ ಅಲ್ವಾ ಇಷ್ಟು ವರ್ಷ ನಾವು ಅನ್ನ ತಿಂದದ್ದು."

ಸುಮ್ಮನೆ ಓಡಿಸಿದರೆ ಆ ಕಾರು ಬೀಳುವುದಿಲ್ಲವಂತೆ. ಅದಕ್ಕೆ ಹಿಂದೆ ಒಂದು ಬದಿಗೆ ಸಣ್ಣ ಚಕ್ರ ಹಾಕಿದರು, ಅದೇ ಬದಿಗೆ ಮರಳಿನ ಚೀಲ ಕಟ್ಟಿದರು. ಬೀಳುವಾಗ ಕೈ ಒಳಗಿರಲಿ ಎಂದು ಹೇಳಿಯೂ ಇದ್ದರು. ಮೊದಲ ಸಲ ಸರಿಯಾಗಿಯೇ ಬಿತ್ತು, ಇವನು ಅಂಗಿ ಕೊಡವಿಕೊಂಡು ಎದ್ದ. ಅವರಿಗೆ ಸಾಲಲಿಲ್ಲ. ಇನ್ನೊಮ್ಮೆ, ಇನ್ನೂ ಜೋರಾಗಿ ಎಂದರು.

ಆಟೋದವರಿಗೆ ಒಂದು ಅಭ್ಯಾಸ ಉಂಟು. ತಿರುವಿನಲ್ಲಿ ಒಂದು ಬದಿ ಮೇಲೆದ್ದರೆ ಆ ಬದಿಗೆ ಹೊರಗೆ ವಾಲಿ, ಮೇಲಿನ ಸರಳು ಹಿಡಿದು ಮೈಭಾರ ಹಾಕುತ್ತಾರೆ, ಗಾಡಿ ಕೂತುಕೊಳ್ಳುತ್ತದೆ. ಅದನ್ನು ಯಾರೂ ಯೋಚನೆ ಮಾಡಿ ಮಾಡುವುದಿಲ್ಲ, ಮೈಯೇ ಮಾಡುತ್ತದೆ. ಆ ಜೋರಿಗೆ ಕಾರಿನಲ್ಲಿ ತಾನು ಕೂತ ಬದಿ ಎದ್ದಾಗ ಮಗ ಕಿಟಕಿಯಿಂದ ಕೈ ಹೊರಗೆ ಹಾಕಿ ಮಾಡಿನ ಅಂಚು ಹಿಡಿದುಬಿಟ್ಟ. ಬೀಳಿಸಲು ಕೂತವನು ಗಾಡಿ ಉಳಿಸಲು ಹೋದ. ಕಾರು ಪೂರ್ತಿ ಮಗುಚಿತು, ಕೈ ಅಡಿಗಾಯಿತು. ಆಸ್ಪತ್ರೆಯಲ್ಲಿ ಹೆಬ್ಬೆರಳೊಂದನ್ನು ಉಳಿಸಿದರು.

ವ್ಯಾನಿಗೆ ಬೇರೆಯವನು ಬಂದ. ಕಫೀಲ್ ಶೂಟಿಂಗ್ ಜಾಗಕ್ಕೆ ಹೋಗಿರಲಿಲ್ಲ, ಆಮೇಲೆ ಫೋನ್ ಎತ್ತಲೂ ಇಲ್ಲ. ಇವನ ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿ, ಮುಗಿಯುತ್ತ ಬಂದಿತ್ತು. ಕಫೀಲ್ ಅದನ್ನು ಹೊಸತು ಮಾಡಿಸದಿದ್ದರೆ ಮಗ ಹೆಂಡತಿ ಮಗಳನ್ನು ಕರೆದುಕೊಂಡು ಊರಿಗೆ ಹೊರಡಬೇಕು. ಟಿವಿಯಲ್ಲಿ ಬರಲಿ ಎಂದು ಮಗ ಕಾಯುತ್ತಿದ್ದ. ಆದದ್ದನ್ನು ಕಣ್ಣಾರೆ ಕಂಡರೆ ಕಫೀಲ್ ಗೋದಾಮಿನಲ್ಲಿ ಕೂತು ಮಾಡುವ ಕೆಲಸವಾದರೂ ಕೊಟ್ಟಾನು ಎಂದು ಅವನ ಆಸೆ.

ಉಪವಾಸ ಬಿಟ್ಟು ಎಲ್ಲರೂ ಟಿವಿಯ ಮುಂದೆ ಕೂತೆವು. ಕಾರು ಮಗುಚಿತು, ಹಿಂದಿನಿಂದ ನಗುವ ಸದ್ದು ಹಾಕಿದ್ದರು. ಮೊಮ್ಮಗಳೂ ಕಿಸಕ್ಕನೆ ನಕ್ಕಳು. ಸೊಸೆ ಅವಳ ಬೆನ್ನಿಗೊಂದು ಕೊಟ್ಟಳು. ಅಷ್ಟರಲ್ಲಿ ಕಾರಿನ ಬಾಗಿಲು ತೆರೆಯಿತು. ಮಗನ ಅಂಗಿಯಂಥದೇ ಅಂಗಿ ಹಾಕಿದ ನಟನೊಬ್ಬ ಹೊರಗೆ ಬಂದು ಎರಡೂ ಕೈ ಎತ್ತಿ ಬೀಸಿದ.

ಮಗ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಂದ ತೆಗೆಯಲಿಲ್ಲ.

"ನೋಡಿ ಉಮ್ಮ," ಎಂದ. "ನನಗೆ ಎಂತದೂ ಆಗ್ಲಿಲ್ಲ."

ಅಷ್ಟು ಜನ ನೋಡಿದ ಮೇಲೆ ನಮ್ಮ ಮಾತು ಯಾರಿಗೆ ಬೇಕು? ಸೊಸೆ ಟಿವಿ ಆರಿಸಿ ಪಾತ್ರೆ ತೊಳೆಯಲು ಹೋದಳು.

ಮರುದಿನ ಬೆಳಿಗ್ಗೆ ಮಗನನ್ನು ಎಬ್ಬಿಸಿ ಕಫೀಲನ ಅಂಗಡಿಗೆ ಕರೆದುಕೊಂಡು ಹೋದೆ. ಉಪವಾಸದ ತಿಂಗಳಲ್ಲಿ ಅಂಗಡಿ ಅಷ್ಟು ಬೇಗ ತೆರೆಯುವುದಿಲ್ಲ ಎಂದು ಅವನು ದಾರಿಯುದ್ದಕ್ಕೂ ಹೇಳಿದ. ನನಗೂ ಗೊತ್ತಿತ್ತು. ಕಫೀಲನಿಗೆ ಬಾಯಿಂದ ಹೇಳಲು ನನಗೆ ಅರಬಿ ಬರುವುದಿಲ್ಲ. ಮುಚ್ಚಿದ ಶಟರಿನ ಮುಂದೆ ಮೆಟ್ಟಿಲ ಮೇಲೆ ಅವನನ್ನು ಕೂರಿಸಿ, ಆ ಕೈಯ ಬ್ಯಾಂಡೇಜನ್ನು ಪೂರ್ತಿ ಬಿಚ್ಚಿದೆ.